ದ್ವೀಪಕ್ಕೆ ಮಿಶಿಗನ್ ಚಳಿ

ಆ ಪಟ್ಟಿಯನ್ನು ಬರೆದವನು ನಾನೇ ಎಂದು ಬಹಳ ದಿನ ಖಾತ್ರಿಯಿಂದ ಹೇಳಲಾರದವನಾಗಿದ್ದೆ. ಮಿಶಿಗನ್ನಿನ ನೋವೈ ಊರಿಗೆ ಬಂದ ಮೊದಲ ಚಳಿಗಾಲವದು. ಕಾರಿನ ಬಾಗಿಲು ಹಿಮಕ್ಕೆ ಅಂಟಿಕೊಂಡು, ನನ್ನದೇ ಕಾರಿನ ಹೊರಗೆ ಕಳ್ಳನಂತೆ ಗುದ್ದಾಡುತ್ತ ನಿಲ್ಲುತ್ತಿದ್ದೆ. ಆ ದಿನಗಳಲ್ಲಿ ಏನೇನು ಬರೆದೆನೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ.

ನಮ್ಮದು ಬಸ್ಸಿನ ಟಿಕೆಟ್ ಯಂತ್ರ ಮಾರುವ ಸಣ್ಣ ಕಂಪನಿ. ಸಮಭಾಜಕದ ಬಳಿಯ ಪುಟ್ಟ ದ್ವೀಪದೇಶವೊಂದು ಅಂಥ ಯಂತ್ರಗಳಿಗೆ ಟೆಂಡರ್ ಕರೆಯುವುದಿತ್ತು. ಯಂತ್ರ ಹೇಗಿರಬೇಕೆಂದು ಪಟ್ಟಿ ಮಾಡಲು ಅಲ್ಲಿನ ಕಚೇರಿಯವರು ನಮ್ಮ ನೆರವು ಕೇಳಿದ್ದರು; ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಊರಲ್ಲಿದ್ದಾಗ ಇಂಥದ್ದನ್ನು ಫಿಕ್ಸಿಂಗ್ ಎಂದು ಬೈಯುತ್ತಿದ್ದೆ. ಇಲ್ಲಿ ಅದಕ್ಕೆ ‘ಪ್ರೀ-ಸೇಲ್ಸ್’ ಎನ್ನುತ್ತಾರೆ, ಮಾರುವ ಮುಂಚಿನ ಉಪಚಾರ. ಯಾರೂ ಬೈಯುವುದಿಲ್ಲ.

ಟೆಂಡರ್ ಸಲ್ಲಿಸುವ ದಿನ ಒಂದು ಹಾಳೆ ನನ್ನ ಮೇಜಿಗೆ ಬಂತು. ಪಟ್ಟಿ ಬರೆದವರು ಟೆಂಡರ್ ಹಾಕುವಂತಿಲ್ಲ ಎನ್ನುತ್ತದೆ ಆ ದೇಶದ ಖರೀದಿ ಕಾನೂನು. ನಾವು ಬರೆದಿಲ್ಲವೆಂದು ನಾನು ಸಹಿ ಮಾಡಬೇಕಿತ್ತು.

“ತಮ್ಮಾ, ನೀ ಬರೇ ಹೆಲ್ಪ್ ಮಾಡೀದಿ. ಬರದಾವ್ರು ಅವ್ರು,” ಎಂದರು ಹುಬ್ಬಳ್ಳಿಯವರಾದ ನಮ್ಮ ಬಾಸ್.

“ನಾನೇ ಬರೆದ್ನೇನೋ ಅಂತ ಡೌಟ್ ಇದೆ ಸರ್. ಟೆಂಡರ್ ಫೈಲ್ ಒಂದ್ಸಲ ತೋರ್ಸಿ.”

“ಅದನ್ನ ನೋಡಿ ಏನ್ ಮಾಡ್ತಿ? ನಿನ್ನ ವೀಸಾ ಯಾರ ಕೈಯಾಗೈತಿ, ಅದ್ರಾಗೂ ಡೌಟ್ ಐತೇನು?”

“ಅದ್ರಲ್ಲಿಲ್ಲ ಸರ್. ಆದ್ರೂ ಸೈನ್ ಮಾಡಲ್ಲ.”

“ಏ ಹುಚ್ಚಾ, ಆ ದೇಶ ನಮ್ಮ ನೋವೈಗಿಂತ ಈಟs ದೊಡ್ಡದೋ!”

“ಕಾನೂನೂ ಚಿಕ್ಕದೇ ಸರ್. ಹತ್ತು ನಿಮಿಷದಲ್ಲಿ ಓದಿ ಮುಗಿಸ್ಬಹುದು.”

ಸಹಿಯನ್ನು ಬೇರೆ ಯಾರೋ ಮಾಡಿದರು. ನನ್ನ ಕೆಲಸ ಹೋಯಿತು. ಅರವತ್ತು ದಿನಗಳಲ್ಲಿ ಬೇರೆ ಕೆಲಸ ಹಿಡಿಯದಿದ್ದರೆ ದೇಶ ಬಿಡಬೇಕು. ಐವತ್ತೆರಡನೆಯ ದಿನ ಷಿಕಾಗೋ ಬಳಿಯ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಒಂದು ಸಿಕ್ಕಿತು. ಇದ್ದದ್ದನ್ನೆಲ್ಲ ಕಾರಿಗೆ ತುಂಬಿಕೊಂಡು ಷಿಕಾಗೋ ದಾರಿ ಹಿಡಿದೆ. ಊರಿನವರಿಗೆ ನಾನು ಪರದೇಶಕ್ಕೆ ಹೋಗಿಯೂ ಬುದ್ಧಿ ಕಲಿಯದವನು. ಇಲ್ಲಿನವರಿಗೆ ಊರಿನ ತಲೆಹರಟೆಯನ್ನು ಹೊತ್ತು ತಂದವನು. ನಿಮ್ಮದು ಯಾವ ದೇಶ ಎಂದು ಯಾರಾದರೂ ಕೇಳಿದರೆ, ನಾನು ಕಾಲಿಡದ ಆ ದ್ವೀಪದ ಹೆಸರು ನಾಲಿಗೆಯ ತುದಿಗೆ ಬರುತ್ತದೆ.

ಆದರೂ ಒಂದು ಅನುಮಾನ ಕೊರೆಯುತ್ತಲೇ ಇತ್ತು. ನಾನು ಬರೆಯದ ಪಟ್ಟಿಗಾಗಿ ಕೆಲಸ ಕಳೆದುಕೊಂಡೆನೇ? ಮೊನ್ನೆ ಆ ಸರ್ಕಾರದ ಜಾಲತಾಣದಲ್ಲಿ ಹಳೆಯ ಟೆಂಡರನ್ನು ಹುಡುಕಿ ತೆರೆದೆ. ವರ್ಷವಿಡೀ ಬೆವರುವ ಆ ದೇಶದ ಷರತ್ತುಗಳ ನಡುವೆ ಹೀಗಿತ್ತು: “ತಾಪಮಾನ ಸೊನ್ನೆಗಿಂತ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿದರೂ ಯಂತ್ರದ ಬಾಗಿಲು ಹಿಮಕ್ಕೆ ಅಂಟಿಕೊಳ್ಳಬಾರದು.”