ಫ್ಲೋರ್ ಎದ್ದು ನಿಂತ ಹನ್ನೊಂದು ಸೆಕೆಂಡು

ಫ್ಲೋರ್‌ದೆಲಿಸಾ ಆ ಶನಿವಾರ ಮನೆಯವರಲ್ಲಿ ಕೇಳಿದ್ದು ಇಪ್ಪತ್ತೈದು ನಿಮಿಷ, ಅಷ್ಟೇ.

ಫಿಲಿಪ್ಪೀನ್ಸಿನ ಲೆಮೆರಿಯ ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವಳು ಫ್ಲೋರ್. ಆರು ವರ್ಷದಿಂದ ಬೆಳಗಿನ ನಾಲ್ಕಕ್ಕೆ ಎದ್ದು, ಬೀರುವಿಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ ಕೂತು, ಹಿಂದೆ ನೀಲಿ ಹೊದಿಕೆ ಇಳಿಬಿಟ್ಟು, ಕಂಪ್ಯೂಟರಿನಲ್ಲಿ ಜಪಾನಿನವರಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಹುಂಜ ಕೂಗಿದರೂ ನಗಬೇಕು. ಪಕ್ಕದ ಮನೆಯವರು ಹಾಡು ಹಚ್ಚಿದರೂ ನಗಬೇಕು. ಪಾಠಕ್ಕಿಷ್ಟು ಎಂದು ದುಡ್ಡು. ಕಲಿಯುವವರು ಕೊಡುವ ನಕ್ಷತ್ರ ಕಡಿಮೆಯಾದರೆ ಪಾಠವೂ ಕಡಿಮೆ.

ಈಗ ಕಂಪನಿಯವರಿಗೆ ಪಾಠ ಬರೆಯುವವರು ಬೇಕಾಗಿದ್ದರು. ಕ್ಯಾಮರಾ ಇಲ್ಲ, ನಾಲ್ಕು ಗಂಟೆಗೆ ಏಳಬೇಕಿಲ್ಲ, ತಿಂಗಳ ಸಂಬಳ. ಅರ್ಜಿ ಹಾಕುವವರು ಪಾಠವೊಂದನ್ನು ತಾವೇ ಬರೆದು, ಅದನ್ನು ಇಪ್ಪತ್ತೈದು ನಿಮಿಷ ಕಲಿಸಿ, ಒಂದೇ ಸಲಕ್ಕೆ ರೆಕಾರ್ಡ್ ಮಾಡಿ ಕಳಿಸಬೇಕು. ನಡುವೆ ಕತ್ತರಿಸುವಂತಿಲ್ಲ. ಕುರ್ಚಿ ಬಿಟ್ಟು ಏಳುವಂತಿಲ್ಲ. ಶನಿವಾರ ಸಂಜೆ ಐದು ಗಂಟೆ ಕೊನೆ.

ಫ್ಲೋರ್ ಆರಿಸಿಕೊಂಡದ್ದು ಅಭ್ಯಾಸಕ್ಕೆ ಸಂಬಂಧಿಸಿದ ಮಾತುಗಳನ್ನು. ಹ್ಯಾಬಿಟ್, ರೂಟೀನ್, ಕಸ್ಟಮ್, ಅಡಿಕ್ಷನ್. ಕಲಿಯುವವರು ಇವೆಲ್ಲ ಒಂದೇ ಎಂದುಕೊಂಡು ಎಲ್ಲಿ ಬೇಕಾದರಲ್ಲಿ ಹಾಕುತ್ತಿದ್ದರು. ಕಂಪನಿಯ ಹಳೆಯ ಪುಸ್ತಕದಲ್ಲಿ ಹ್ಯಾಬಿಟ್‌ಗೆ ಕೊಟ್ಟ ಉದಾಹರಣೆ: ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ನಡೆಯುವುದು ಅವರ ಹ್ಯಾಬಿಟ್. ಅದನ್ನು ಓದಿದಾಗಲೆಲ್ಲ, ಅವರು ನಡೆಯಲು ಹೋದಾಗ ತಟ್ಟೆ ಎತ್ತಿದವರು ಯಾರು ಎಂದು ಫ್ಲೋರ್‌ಗೆ ಕೇಳಬೇಕೆನಿಸುತ್ತಿತ್ತು.

ಅವಳು ಉದಾಹರಣೆಗಳನ್ನು ತನ್ನ ಮನೆಯಿಂದಲೇ ತೆಗೆದಳು. ನಾಲ್ಕಕ್ಕೆ ಎದ್ದು, ಅನ್ನಕ್ಕಿಟ್ಟು, ಕಾಫಿ ಕುದಿಸಿ, ಪಾಠಕ್ಕೆ ಕೂರುವುದು ರೂಟೀನ್; ಅದರ ಹಿಂದೊಂದು ಗಡಿಯಾರ ಇರುತ್ತದೆ, ಬೇಕಾದರೆ ಬರೆದು ಗೋಡೆಗೆ ಅಂಟಿಸಬಹುದು. ಕಸ್ಟಮ್ ಒಬ್ಬರದಲ್ಲ, ಊರಿನದು. ನೀವು ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ಕೇಳಲು ಜನ ಬರುತ್ತಾರೆ. ಅಡಿಕ್ಷನ್ ಎಂದರೆ ಗಂಡ ತೆಮ್ಯೊನ ಸಿಗರೇಟು. ಬಿಡುತ್ತೇನೆ ಎಂದು ಅವನು ಹೇಳುತ್ತಲೇ ಇರುತ್ತಾನೆ, ಅದು ಅವನನ್ನು ಬಿಡುವುದಿಲ್ಲ. ಹ್ಯಾಬಿಟ್ ಮಾತ್ರ ಸದ್ದಿಲ್ಲದ್ದು. ಅದು ಕೈಗೆ ಗೊತ್ತಿರುತ್ತದೆ, ತಲೆಗೆ ಗೊತ್ತಿರುವುದಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲಿಗೆ 'ತೆರೆಯಬೇಡಿ' ಎಂದು ಚೀಟಿ ಅಂಟಿಸಿ ಶುರುಮಾಡಿದಳು. ಹನ್ನೆರಡನೇ ನಿಮಿಷಕ್ಕೆ ಬಾಗಿಲು ತೆರೆಯಿತು. ಮಾತಾಡುವವರ ನಡುವೆ ಹಾಯುವಾಗ ನಾವೆಲ್ಲ ಮಾಡುವಂತೆ, ತೆಮ್ಯೊ ಬೆನ್ನು ಬಗ್ಗಿಸಿ, ಕೈ ಮುಂದೆ ಚಾಚಿ, ಮರ್ಯಾದೆಯಿಂದ ಕ್ಯಾಮರಾದ ಮುಂದೆ ಹಾದು ಬೀರು ತೆರೆದ.

"ತೆಮ್ಯೊ."

"ನೀನು ಮಾತಾಡ್ತಿರು. ನಾನು ಬಗ್ಗಿದೀನಲ್ಲ, ಕಾಣಲ್ಲ. ನನ್ನ ಪಟ್ಟೆ ಅಂಗಿ ಎಲ್ಲಿ?"

"ಚೀಟಿ ಓದ್ಲಿಲ್ವಾ?"

"ಓದ್ದೆ. ಅದು ಬೇರೆಯವರಿಗೆ ಅಂದ್ಕೊಂಡೆ."

ಎರಡನೇ ಸಲ ಕೂತದ್ದು ಮಧ್ಯಾಹ್ನ ಒಂದಕ್ಕೆ, ಮಡಕೆಗೆ ಮೀನು ಜೋಡಿಸಿಟ್ಟು. ತುಲಿಂಗನ್ ಮೀನನ್ನು ಅಂಗೈಯಲ್ಲಿ ಚಪ್ಪಟೆ ಒತ್ತಿ, ಬಾಳೆ ಎಲೆಯಲ್ಲಿ ಸುತ್ತಿ, ಒಣಗಿಸಿದ ಬಿಂಬುಳಿಕಾಯಿಯ ಜೊತೆ ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಉಪ್ಪು, ನೀರು ಹಾಕಿ ಒಲೆ ಹಚ್ಚುವುದಷ್ಟನ್ನು ಅತ್ತೆ ನಾನಯ್ ಪಾಸಿಂಗ್‌ಗೆ ಒಪ್ಪಿಸಿ ಬಂದಿದ್ದಳು. ಹತ್ತೊಂಬತ್ತನೇ ನಿಮಿಷ ನಡೆಯುತ್ತಿತ್ತು.

"ಫ್ಲೋರ್, ಉಪ್ಪೆಲ್ಲೇ?"

ಫ್ಲೋರ್ ಮುಗುಳ್ನಕ್ಕು ಪಾಠ ಮುಂದುವರಿಸಿದಳು.

"ಫ್ಲೋರ್. ಕಿವಿ ಕೇಳ್ಸಲ್ವಾ? ಉಪ್ಪು."

"ಎರಡನೇ ಹಲಗೆ, ನೀಲಿ ಡಬ್ಬಿ ಹಿಂದೆ."

ಹೇಳಿದ ಮೇಲೆಯೇ ತಾನು ಹೇಳಿದೆನೆಂದು ಅವಳಿಗೆ ತಿಳಿದದ್ದು. ರೆಕಾರ್ಡಿಂಗ್ ನಿಲ್ಲಿಸಿ ಹೊರಗೆ ಬಂದಳು.

"ನಾನಯ್, ಹನ್ನೊಂದು ವರ್ಷದಿಂದ ಉಪ್ಪು ಅಲ್ಲೇ ಇದೆ."

"ಇರಬಹುದು ತಾಯಿ. ನಿನ್ನ ಕೇಳಿದ್ರೆ ಬೇಗ ಸಿಗುತ್ತೆ." ಅತ್ತೆ ಮಗನ ಕಡೆ ತಿರುಗಿದಳು. "ಬೆಳಿಗ್ಗೆಯಿಂದ ಗೋಡೆ ಹತ್ರ ಮಾತಾಡ್ತಾಳೆ. ಗೋಡೆ ಸಂಬಳ ಕೊಡುತ್ತಂತೆ."

"ಕೊಟ್ರೆ ಕೊಡ್ಲಿ ಬಿಡಮ್ಮ. ನನ್ನ ಜೊತೆ ಮಾತಾಡಿದ್ರೆ ಅದೂ ಇಲ್ಲ," ಎಂದ ತೆಮ್ಯೊ. ಇಬ್ಬರೂ ನಕ್ಕರು. ಫ್ಲೋರ್ ಒಲೆಯ ಉರಿ ತಗ್ಗಿಸಿದಳು. ಅದನ್ನು ತಗ್ಗಿಸಬೇಕೆಂದು ಇಬ್ಬರಿಗೂ ತೋಚಿರಲಿಲ್ಲ.

ಮೂರನೇ ಸಲ ಮೂರೂಮುಕ್ಕಾಲಕ್ಕೆ. ಅದೇ ಕೊನೆಯ ಅವಕಾಶ. ನಮ್ಮ ಬೀದಿಯ ಇಂಟರ್ನೆಟ್ಟಿನಲ್ಲಿ ಕಳಿಸಲು ಮುಕ್ಕಾಲು ಗಂಟೆಯಾದರೂ ಬೇಕು. ಬೆಳಗಿನ ತಪ್ಪಿಗೆ ತೆಮ್ಯೊ ತಾನೇ ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕಾವಲು ಕೂತ.

ಆ ಸಲ ಪಾಠ ಚೆನ್ನಾಗಿ ಬಂತು. ಇಪ್ಪತ್ತೆರಡನೇ ನಿಮಿಷಕ್ಕೆ ಫ್ಲೋರ್ ಕೊನೆಯ ಭಾಗಕ್ಕೆ ಬಂದಿದ್ದಳು. ಕಸ್ಟಮ್ ನಿಮ್ಮನ್ನು ಹೊರಗಿನಿಂದ ಹಿಡಿದಿರುತ್ತದೆ, ಹ್ಯಾಬಿಟ್ ಒಳಗಿನಿಂದ ಎಂದು ಹೇಳುತ್ತಿದ್ದಾಗ ಬಾಗಿಲು ತೆರೆಯಿತು. ಶನಿವಾರದ ಮೀನಿಗೆ ಬರುವ ಅತ್ತೆಯ ಅಕ್ಕ, ತಿಯಾ ಕೊನ್ಸಿಂಗ್. ಎಪ್ಪತ್ತೆಂಟು ವರ್ಷದವಳನ್ನು ತಡೆಯುವ ಎದೆ ತೆಮ್ಯೊಗೆ ಇರಲಿಲ್ಲ. ಮುದುಕಿ ಸುಮ್ಮನೆ ಬಂದು, ಬಲಗೈ ಕೆಳಮುಖ ಮಾಡಿ ಚಾಚಿ ನಿಂತಳು.

ಫ್ಲೋರ್ ಎದ್ದಳು. ದೊಡ್ಡವರ ಆಶೀರ್ವಾದಕ್ಕೆ ನಮ್ಮಲ್ಲಿ ಮಾಡುವಂತೆ, ಆ ಕೈ ಹಿಡಿದು ಹಣೆಗೆ ಮುಟ್ಟಿಸಿಕೊಂಡಳು. "ದೇವರು ಒಳ್ಳೇದು ಮಾಡ್ಲಿ ಮಗಳೇ," ಎಂದು ತಿಯಾ ಪಿಸುಗುಟ್ಟಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದಳು. ಫ್ಲೋರ್ ಮತ್ತೆ ಕೂತು ವಾಕ್ಯ ಮುಗಿಸಿದಳು. ಮುಗಿಸಿದ ಮೇಲೆ ಎದುರಿನ ಪರದೆ ನೋಡಿದಳು. ತಾನು ಎದ್ದಿದ್ದೆ ಎಂದು ಆಗ ಗೊತ್ತಾಯಿತು.

ಬೇರೆ ದಾರಿ ಇರಲಿಲ್ಲ. ಅದನ್ನೇ ಕಳಿಸಿದಳು.

ಮಂಗಳವಾರ ಉತ್ತರ ಬಂತು. ಪಾಠ ಸೊಗಸಾಗಿದೆ, ಉದಾಹರಣೆಗಳು ಹೊಸದಾಗಿವೆ. ಆದರೆ ಶಿಕ್ಷಕಿ ಹನ್ನೊಂದು ಸೆಕೆಂಡು ಕುರ್ಚಿ ಬಿಟ್ಟಿದ್ದಾರೆ. ಒಪ್ಪಿಗೆಯಾಗಿಲ್ಲ. ಮತ್ತೆ ಜನವರಿಯಲ್ಲಿ ಅರ್ಜಿ ಹಾಕಬಹುದು. ಆಗಿನ್ನೂ ಜೂನ್.

"ಹನ್ನೊಂದು ಸೆಕೆಂಡಿಗೆ?" ತೆಮ್ಯೊ ಸಿಗರೇಟು ಹಚ್ಚಿದ. "ಫೋನ್ ಮಾಡಿ ಹೇಳು, ವಯಸ್ಸಾದೋರು ಬಂದಿದ್ರು ಅಂತ."

"ದೊಡ್ಡೋರ ಆಶೀರ್ವಾದ ತಗೊಂಡ್ರೆ ಕೆಲಸ ಇಲ್ವಂತಾ?" ಎಂದಳು ನಾನಯ್ ಪಾಸಿಂಗ್. "ಅಂಥ ಕೆಲಸ ಯಾಕೆ ಬೇಕು? ಈಗಿರೋದು ಚೆನ್ನಾಗೇ ಇದೆಯಲ್ಲ."

"ನಾಲ್ಕು ಗಂಟೆಗೆ ಏಳೋದು ನೀವಲ್ಲ."

"ನಿಂಗೆ ಅಭ್ಯಾಸ ಆಗೋಗಿದೆ, ಬಿಡು."

ಅದು ಅಭ್ಯಾಸವಲ್ಲ, ಅದಕ್ಕೆ ಬೇರೆ ಮಾತಿದೆ ಎಂದು ಫ್ಲೋರ್ ಹೇಳಹೊರಟಳು. ಆರು ವರ್ಷದಲ್ಲಿ ಒಂದು ದಿನವೂ ಅಲಾರಂ ಇಲ್ಲದೆ ಎದ್ದಿಲ್ಲ. ಪ್ರತಿದಿನ ಮೈಯನ್ನು ಎಳೆದೇ ಎಬ್ಬಿಸಿದ್ದಾಳೆ. ಆದರೆ ತಿಯಾ ಬಂದಾಗ ಎಳೆಯಬೇಕಾಗಲಿಲ್ಲ. ಗಂಡನ ಮೇಲೂ ಅತ್ತೆಯ ಮೇಲೂ ಬಂದಿದ್ದ ಸಿಟ್ಟು ಅಲ್ಲಿಗೆ ಬಂದು, ಹೇಳದೆಯೇ ಎದ್ದ ತನ್ನ ಮೊಣಕಾಲುಗಳ ಮೇಲೆಯೇ ತಿರುಗಿತು.

ಅಡುಗೆಮನೆಗೆ ಹೋಗಿ ಎರಡನೇ ಹಲಗೆಯಿಂದ ಉಪ್ಪಿನ ಭರಣಿ ತೆಗೆದಳು. ಊಟದ ಮೇಜಿನ ನಡುವೆ, ಕುರುಡರಿಗೂ ಸಿಗುವಂತೆ, ಸದ್ದಾಗುವ ಹಾಗೆ ಇಟ್ಟಳು.

"ಇನ್ಮೇಲೆ ಇದು ಇಲ್ಲೇ ಇರುತ್ತೆ. ನನ್ನ ಯಾರೂ ಕೇಳಬೇಡಿ."

"ಆಯ್ತಮ್ಮ ರಾಣಿ," ಎಂದಳು ಅತ್ತೆ.

ಎಲ್ಲರ ಊಟವಾಯಿತು. ತೆಮ್ಯೊ ಸಿಗರೇಟಿಗೆ ಹೊರಗೆ ಹೋದ, ಅತ್ತೆ ಟಿವಿಯ ಮುಂದೆ ಕೂತಳು. ಫ್ಲೋರ್ ತಟ್ಟೆ ಎತ್ತಿ, ಮೇಜು ಒರೆಸಿ, ದೀಪ ಆರಿಸಲು ಹೋದವಳು ನಿಂತಳು. ಮೇಜು ಖಾಲಿಯಿತ್ತು. ಭರಣಿ ಎರಡನೇ ಹಲಗೆಯಲ್ಲಿ, ನೀಲಿ ಡಬ್ಬಿಯ ಹಿಂದೆ ಇತ್ತು. ಅಡುಗೆಮನೆಗೆ ಅವಳನ್ನು ಬಿಟ್ಟು ಬೇರೆ ಯಾರೂ ಬಂದಿರಲಿಲ್ಲ.