ಅಜ್ಜಿ ಕಮಾನಿಗೆ ಹಚ್ಚಿದ ಎಣ್ಣೆ

ಇವತ್ತು ಕೋಲಾರದ ಸಂಗೀತದ ಕ್ಲಾಸಿನಲ್ಲಿ ಮಗಳ ಹೊಸ ಪಿಟೀಲಿನ ಪೆಟ್ಟಿಗೆ ತೆರೆದರೆ, ಕಮಾನಿಗೆ ಉಜ್ಜುವ ರಾಳದ ವಾಸನೆ ಬಂತು. ಮುಳಬಾಗಿಲಿನ ನಮ್ಮ ನಡುಮನೆಯ ವಾಸನೆ ಅದು.

ಅಲ್ಲಿ ಸೋದರತ್ತೆ ಚಾಪೆಯ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿಕೊಂಡು ನುಡಿಸುತ್ತಿದ್ದಳು. ಎಡಗೈ ಬೆರಳು ತಂತಿಯ ಮೇಲೆ ಸಲೀಸಾಗಿ ಜಾರಲೆಂದು ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ಅಜ್ಜಿ ಅದನ್ನು ಅಡುಗೆಮನೆ ಬಾಗಿಲಿನಿಂದ ನೋಡುತ್ತಿದ್ದಳು.

ಆಮೇಲೆ ಅತ್ತೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅವಳು ಮಲಗಿದ್ದಷ್ಟು ಕಾಲ, ಶುಕ್ರವಾರ ಬಂದರೆ ಅಜ್ಜಿ ತನ್ನ ಮಗಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಕೋಣೆಯಿಂದ ಹೊರಬಂದು ಅದೇ ಕೈಯಲ್ಲಿ ಕಮಾನನ್ನು ತೆಗೆದು ಅದರ ಕೂದಲಿಗೂ ಸವರುತ್ತಿದ್ದಳು.

"ಕುದುರೆ ಕೂದ್ಲು ಕಣೇ, ಒಣಗೋಗೈತೆ. ನಾಳೆ ಎದ್ದು ಬಾರಿಸ್ಬೇಕಲ್ಲ ನಮ್ಮುಡ್ಗಿ," ಎಂದಿದ್ದಳು ನನ್ನ ಹತ್ತಿರ.

ಕೈಗೆ ತ್ರಾಣ ಬಂದ ಮೇಲೆ ಅತ್ತೆ ಕಮಾನು ಎಳೆದಳು. ನಾದ ಬರಲಿಲ್ಲ. ರಾಳ ಉಜ್ಜಿ ಮತ್ತೆ ಎಳೆದಳು. ಕಮಾನು ತಂತಿಯ ಮೇಲೆ ಸುಮ್ಮನೆ ಜಾರಿತು.

"ಕೈಯಲ್ಲಿ ಹಿಡಿತಾನೇ ಇಲ್ಲಮ್ಮ. ಇನ್ನ ಆಗಲ್ಲ ಬಿಡು," ಎಂದು ಪೆಟ್ಟಿಗೆ ಮುಚ್ಚಿದಳು. ಅಜ್ಜಿ ಆ ಕೈ ಹಿಡಿದುಕೊಂಡು ಅತ್ತಳು. ಅದೇ ಕೈಯಲ್ಲಿ ಅತ್ತೆ ಸಾಯುವವರೆಗೂ ಕಾಳು ಆರಿಸಿದಳು, ಹೂ ಕಟ್ಟಿದಳು. ಪಿಟೀಲು ಮಾತ್ರ ಮುಟ್ಟಲಿಲ್ಲ.

ಇವತ್ತು ಮೇಷ್ಟ್ರು ಮಗಳಿಗೆ ಹೇಳಿದರು: "ಕಮಾನಿನ ಕೂದ್ಲು ಮುಟ್ಬೇಡಮ್ಮ. ಎಣ್ಣೆ ತಾಗಿದ್ರೆ ಅದು ತಂತಿ ಹಿಡಿಯಲ್ಲ, ನಾದಾನೇ ಬರಲ್ಲ."

ಅತ್ತೆಯ ಕೈ ವಾಸಿಯಾಗಿತ್ತು. ಅದನ್ನು ಹೇಳೋಣವೆಂದರೆ ಅತ್ತೆಯಿಲ್ಲ. ಕೇಳಿಸಿಕೊಳ್ಳಲು ಅಜ್ಜಿಯಿಲ್ಲದಿರುವುದೇ ಒಳ್ಳೆಯದಾಯಿತು.