ಹಿಂಬಾಗಿಲಿನಿಂದ ಕಂಡ ಪೆನಾಂಗ್

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಬೆಂಗಳೂರಿನ ವಿಜಯನಗರದ ಪ್ರವಾಸ ಕಂಪನಿಯೊಂದರ ಕಚೇರಿಯ ಹಿಂದೆ, ಶೀಟು ಹೊದಿಸಿದ ಚಿಕ್ಕ ಕೋಣೆಯಲ್ಲಿ ಪಟಾಲಮ್ಮ ಗಟ್ಟಿ ಅವಲಕ್ಕಿ ಹುರಿಯುತ್ತಿದ್ದಾರೆ. ಬಾಣಲೆ ದೊಡ್ಡದು, ಒಲೆ ನೆಲದ ಮೇಲಿದೆ. ಕೂತರೆ ಏಳಲು ಆಗುವುದಿಲ್ಲ ಎಂದು ನಿಂತೇ ಬಗ್ಗಿ ಕೈಯಾಡಿಸುತ್ತಾರೆ. ಆಗಾಗ ಎಡಗೈಯನ್ನು ಮೊಣಕಾಲಿನ ಮೇಲೆ ಊರಿ, ಒಂದು ಉಸಿರು ಬಿಟ್ಟು, ಮತ್ತೆ ಬಗ್ಗುತ್ತಾರೆ. ಹುರಿದದ್ದು ಆರಿದ ಮೇಲೆ ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಬೇಕು. ಪಕ್ಕದ ಒಲೆಯಲ್ಲಿ ಹುಣಸೆಹಣ್ಣಿನ ಗೊಜ್ಜು ಕುದಿದು ಎಣ್ಣೆ ಬಿಡುತ್ತಿದೆ.

ಇದು ಯಾವ ಮದುವೆಯ ಅಡುಗೆಯೂ ಅಲ್ಲ. ನಾಳೆ ಸಂಜೆಯ ವಿಮಾನಕ್ಕೆ ಬಸವೇಶ್ವರನಗರದ ಭಜನಾ ಮಂಡಳಿಯ ಮೂವತ್ತೊಂದು ಜನ ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಹೊರಟಿದ್ದಾರೆ. 'ನಮ್ಮದೇ ಅಡುಗೆಯವರು ಜೊತೆಯಲ್ಲಿ ಬರುತ್ತಾರೆ' ಎಂದು ಕಂಪನಿಯ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಹೆಸರಿಲ್ಲ. ಆ ಅಡುಗೆಯವರು ಇವರೇ.

ಪಟಾಲಮ್ಮನವರ ಅಡುಗೆಮನೆ ಅಲ್ಲಿಗೆ ಹೋಗುವ ರೀತಿಯೇ ಬೇರೆ. ಹುಳಿಪುಡಿ, ಸಾರಿನಪುಡಿ, ರವೆ, ಗೋಧಿಹಿಟ್ಟು, ಹಪ್ಪಳ ಎಲ್ಲವನ್ನೂ ಎರಡೆರಡು ಕೆಜಿಯ ಮೂವತ್ತೊಂದು ಪೊಟ್ಟಣ ಮಾಡಿ, ಒಬ್ಬೊಬ್ಬ ಪ್ರಯಾಣಿಕರ ಸೂಟ್‌ಕೇಸಿನಲ್ಲಿ ಒಂದೊಂದು ಇಡಿಸುತ್ತಾರೆ. ಇಳಿದ ಮೇಲೆ ರೂಮಿನಿಂದ ರೂಮಿಗೆ ಹೋಗಿ ವಾಪಸ್ ಕೇಳಿ ತರಬೇಕು. "ಒಬ್ಬರು ಮರ್ತು ನಿದ್ದೆ ಹೋಗಿರ್ತಾರೆ. ಒಬ್ಬರು ಹಪ್ಪಳ ನನ್ನ ಸೀರೆ ಕೆಳಗಿದೆ, ಬೆಳಿಗ್ಗೆ ಕೊಡ್ತೀನಿ ಅಂತಾರೆ. ಇಂಗು ಮಾತ್ರ ನಾನೇ ಇಟ್ಕೋತೀನಿ. ಒಂದ್ಸಲ ಯಾರದೋ ರೇಷ್ಮೆ ಸೀರೆಗೆ ಇಂಗಿನ ವಾಸನೆ ಹತ್ತಿ, ವಾಪಸ್ ಬರೋವರ್ಗೂ ಆಯಮ್ಮ ನನ್ ಜೊತೆ ಮಾತಾಡ್ಲಿಲ್ಲ."

ಟೂರ್ ಮ್ಯಾನೇಜರ್ ಮುತ್ತುರಾಜ ಐದೂವರೆಗೆ ಬರುತ್ತಾರೆ. ನಲವತ್ತೈದರ ಆಸುಪಾಸಿನವರು, ಕೈಯಲ್ಲಿ ಎರಡು ಫೋನು. ಪೊಟ್ಟಣಗಳ ರಾಶಿ ನೋಡಿ ಬಾಗಿಲಲ್ಲೇ ನಿಲ್ಲುತ್ತಾರೆ.

"ಏನಮ್ಮಾ, ಇಡೀ ಯಶವಂತಪುರ ಮಂಡಿನೇ ಕಟ್ತಾ ಇದೀರಾ?"

"ನಿಮ್ ಪ್ಯಾಸೆಂಜರ್‌ಗಳು ಹೊಟ್ಟೆ ಮನೇಲಿಟ್ಟು ಬರೋದಾದ್ರೆ ಹೇಳಿ ಸಾರ್, ಎಲ್ಲಾ ಬಿಚ್ಚಿಡ್ತೀನಿ."

ಮುತ್ತುರಾಜ ನಕ್ಕು ಫೋನು ಕಿವಿಗಿಟ್ಟುಕೊಳ್ಳುತ್ತಾರೆ. ಪಟಾಲಮ್ಮ ನಗುವುದಿಲ್ಲ. ಅವರಿಗೆ ಅಷ್ಟು ಪುರುಸೊತ್ತಿಲ್ಲ.

ಐವತ್ತೊಂಬತ್ತರ ಪಟಾಲಮ್ಮ ಹುಟ್ಟಿದ್ದು ಬಿನ್ನಿಪೇಟೆಯ ಮಿಲ್ಲಿನ ಲೈನ್ ಮನೆಯಲ್ಲಿ. ತಂದೆ ನೂಲಿನ ವಿಭಾಗದಲ್ಲಿದ್ದರು. ಸಾಲುಮನೆಗಳಲ್ಲಿ ಒಂದು ಗೋಡೆಯಾಚೆ ತಮಿಳು, ಇನ್ನೊಂದು ಗೋಡೆಯಾಚೆ ಉರ್ದು. ಪಕ್ಕದ ಮನೆಯ ತಮಿಳು ಅಜ್ಜಿಯ ಅಣ್ಣ ಯಾವಾಗಲೋ ಪೆನಾಂಗಿಗೆ ಕೂಲಿಗೆ ಹೋದವನು ತಿರುಗಿ ಬರಲಿಲ್ಲವಂತೆ. ಅಲ್ಲೊಂದು ಬೆಟ್ಟವಿದೆ, ಬೆಟ್ಟದ ಮೇಲೆ ಸುಬ್ರಹ್ಮಣ್ಯನ ಗುಡಿ ಇದೆ, ಅಣ್ಣ ಅಲ್ಲಿಗೆ ಕಾವಡಿ ಹೊರುತ್ತಾನೆ ಎಂದು ಅಜ್ಜಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೇಳುತ್ತಿದ್ದರು. "ಪೆನಾಂಗ್ ಅಂದ್ರೆ ಎಲ್ಲಿ ಅಂತ ನನಗೇನು ಗೊತ್ತು? ಕೆಂಗೇರಿ ದಾಟಿದ್ರೆ ಸಿಗತ್ತೆ ಅನ್ಕೊಂಡಿದ್ದೆ."

ಹದಿನೈದನೇ ವಯಸ್ಸಿಗೆ ರಾಜಾಜಿನಗರದ ಕಲ್ಯಾಣ ಮಂಟಪವೊಂದರಲ್ಲಿ ತರಕಾರಿ ಹೆಚ್ಚಲು ಸೇರಿದರು. ಹೆಚ್ಚುವುದರಿಂದ ರುಬ್ಬುವುದಕ್ಕೆ, ರುಬ್ಬುವುದರಿಂದ ಒಲೆಯ ಮುಂದಕ್ಕೆ ಬರಲು ಹದಿನಾಲ್ಕು ವರ್ಷ ಹಿಡಿಯಿತು. ಮಿಲ್ಲು ಮುಚ್ಚಿದ ಮೇಲೆ ತಂದೆಯ ಮನೆಗೂ ತಮ್ಮ ಮನೆಗೂ ಅನ್ನ ಬೇಯಿಸಿದ್ದು ಅದೇ ಒಲೆ. ಒಂಬತ್ತು ವರ್ಷದ ಹಿಂದೆ ಪ್ರವಾಸ ಕಂಪನಿಯವರು ವಿಮಾನ ಹತ್ತಲು ಹೆದರದ ಅಡುಗೆಯವರನ್ನು ಹುಡುಕಿಕೊಂಡು ಮಂಟಪಕ್ಕೆ ಬಂದಾಗ ಗಂಡಸರೆಲ್ಲ ಹಿಂದೆ ಸರಿದರಂತೆ. "ನಾನು ಹೂಂ ಅಂದೆ. ನಮ್ಮೆಜಮಾನ್ರು ಇವತ್ತಿಗೂ ಮನೇಲಿ ಕಾಫಿ ಬೇಕಾದ್ರೆ 'ಫಾರಿನ್ ಅಮ್ಮಾವ್ರೇ' ಅಂತ ಕರೀತಾರೆ." ಯಜಮಾನರು ನಾರಾಯಣಪ್ಪ, ಕಾಮಾಕ್ಷಿಪಾಳ್ಯದ ಕಾರ್ಖಾನೆಯೊಂದರಿಂದ ನಿವೃತ್ತರಾದವರು.

ಪೆನಾಂಗಿಗೆ ಇವರು ಈವರೆಗೆ ಒಂಬತ್ತು ಸಲ ಹೋಗಿ ಬಂದಿದ್ದಾರೆ. ದ್ವೀಪದಲ್ಲಿ ಬೀದಿಗೊಂದು ದೇವಸ್ಥಾನ. ಚೀನೀಯರದು, ತಮಿಳರದು, ಬರ್ಮಾದವರದು, ಥಾಯ್ ಜನರದು, ನಡುನಡುವೆ ಮಸೀದಿ. ಮಂಡಳಿಯ ಬಸ್ಸು ಎಲ್ಲಕ್ಕೂ ಹೋಗುತ್ತದೆ. ಪಟಾಲಮ್ಮ ಒಂದನ್ನೂ ನೋಡಿಲ್ಲ.

ಕಾರಣ ಗಡಿಯಾರ. ಹೋಟೆಲಿನವರು ಇವರಿಗೆ ಅಡುಗೆಮನೆಯ ಮೂಲೆಯೊಂದನ್ನು ಬಿಟ್ಟುಕೊಡುವುದು ಬೆಳಗಿನ ಜಾವ ಮೂರೂವರೆಯಿಂದ ಏಳರವರೆಗೆ. ಆಮೇಲೆ ಅದು ಹೋಟೆಲಿನವರಿಗೇ ಬೇಕು. ಮತ್ತೆ ಸಿಗುವುದು ಹತ್ತಕ್ಕೆ. ಬಸ್ಸು ಎಂಟಕ್ಕೆ ಹೊರಟು ಹನ್ನೆರಡೂವರೆಗೆ ಊಟಕ್ಕೆ ವಾಪಸ್ ಬರುತ್ತದೆ. ಬೆಳಿಗ್ಗೆ ಎರಡೂವರೆ ಕೆಜಿ ರವೆ, ಮಧ್ಯಾಹ್ನ ಮೂರು ಕೆಜಿ ಅಕ್ಕಿ, ರಾತ್ರಿ ನೂರಿಪ್ಪತ್ತು ಚಪಾತಿ, ದಿನಕ್ಕೆ ಎರಡು ಸಲ ಮೂವತ್ತೊಂದು ಲೋಟ ಕಾಫಿ. ಪಾತ್ರೆಯೂ ಇವರದೇ. ಮಾಂಸ ಬೇಯಿಸಿದ ಪಾತ್ರೆ ಬೇಡವೆಂದು ಊರಿನಿಂದಲೇ ಹೊತ್ತುಕೊಂಡು ಹೋದದ್ದನ್ನು ಇವರೇ ತಿಕ್ಕಬೇಕು. ಕೆಲವರು ಊಟಕ್ಕೆ ಕೂರುವ ಮೊದಲು ಮೆಲ್ಲಗೆ ಕೇಳುತ್ತಾರಂತೆ, ನೀವು ಯಾವ ಜನ ಅಂತ. "ಅಡುಗೆ ಮಾಡೋ ಜನ ಅಂತೀನಿ. ಹಸಿದಿರ್ತಾರಲ್ಲ, ಮುಂದಕ್ಕೆ ಕೇಳಲ್ಲ."

ಇವರಿಗೆ ಗೊತ್ತಿರುವ ಪೆನಾಂಗ್ ಹೋಟೆಲಿನ ಹಿಂಬಾಗಿಲಿನದು. ಅಲ್ಲಿ ಕಸ ಗುಡಿಸುವ ಚೀನೀ ಮುದುಕಿ ಗೋಡೆಗಾನಿಸಿದ ಪುಟ್ಟ ಕೆಂಪು ಗೂಡಿನ ಮುಂದೆ ಊದುಬತ್ತಿ ಹಚ್ಚಿ ಕಿತ್ತಳೆ ಇಡುತ್ತಾಳೆ. ಒಗ್ಗರಣೆ ಹಾಕುವ ಹೊತ್ತಿಗೆ ಎಲ್ಲಿಂದಲೋ ಆಜಾನ್ ಕೇಳುತ್ತದೆ, ಅದು ಮುಗಿದ ಸ್ವಲ್ಪ ಹೊತ್ತಿಗೆ ಗಂಟೆ. ಹಿಂದಿನ ಗಲ್ಲಿಯ ತರಕಾರಿ ಅಂಗಡಿಯವನು ತಮಿಳಿನಲ್ಲಿ ಚೌಕಾಸಿ ಮಾಡುತ್ತಾನೆ, ಬಿನ್ನಿಪೇಟೆಯ ತಮಿಳು ಅಲ್ಲಿ ಚೆನ್ನಾಗಿಯೇ ನಡೆಯುತ್ತದೆ. "ಆ ಊರಿನ ದೇವರುಗಳು ನನಗೆ ಕಿವಿಗೆ ಸಿಕ್ಕಿದಾರೆ, ಮೂಗಿಗೆ ಸಿಕ್ಕಿದಾರೆ. ಕಣ್ಣಿಗೆ ಸಿಕ್ಕಿಲ್ಲ."

ಇದು ಹತ್ತನೆಯ ಸಲ, ಮತ್ತು ಕೊನೆಯದು. ಪಟಾಲಮ್ಮನವರ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂದಿದೆ. ಮುಂದಿನ ವರ್ಷದಿಂದ ಅಲ್ಲಿಯವರಿಂದಲೇ ಊಟ ತರಿಸಲು ಕಂಪನಿ ತೀರ್ಮಾನಿಸಿದೆ. ಅದಕ್ಕೇ ಒಂದು ಮಾತು ಕೇಳಿದ್ದಾರೆ. ಮೂರನೆಯ ದಿನ ಬೆಟ್ಟದ ಗುಡಿಗೆ ಹೋಗುವ ಬಸ್ಸಿನಲ್ಲಿ ಒಂದು ಸೀಟು. ಮುತ್ತುರಾಜ ಒಪ್ಪಿದ್ದಾರೆ. ಷರತ್ತು ಒಂದೇ: ಅವತ್ತಿನ ಮಧ್ಯಾಹ್ನದ ಊಟ ಬೆಳಿಗ್ಗೆ ಏಳರೊಳಗೆ ತಯಾರಿರಬೇಕು.

ಮೂರನೆಯ ದಿನ ಏಕಾದಶಿ. ಮಂಡಳಿಯಲ್ಲಿ ಹದಿನಾರು ಜನ ಅವತ್ತು ಅನ್ನ ಮುಟ್ಟುವುದಿಲ್ಲ, ಉಳಿದ ಹದಿನೈದು ಜನಕ್ಕೆ ಅನ್ನವೇ ಬೇಕು. ಬೇರೆ ಯಾರಾದರೂ ಎರಡು ಅಡುಗೆಯೇ ಎಂದು ತಲೆ ಮೇಲೆ ಕೈ ಇಡುತ್ತಿದ್ದರು. ಇವರು ಅದರಲ್ಲೇ ದಾರಿ ಕಂಡುಕೊಂಡಿದ್ದಾರೆ. ಹದಿನೈದು ಜನಕ್ಕೆ ಪುಳಿಯೋಗರೆ, ಆರಿದರೂ ರುಚಿ. ಹದಿನಾರು ಜನಕ್ಕೆ ಗೊಜ್ಜವಲಕ್ಕಿ, ತರಿಗೆ ಗೊಜ್ಜು ಮತ್ತು ಬಿಸಿನೀರು ಬೆರೆಸಿದರೆ ಸಾಕು. ಅದಕ್ಕಾಗಿಯೇ ಈ ಜಾವದ ಹುರಿಯುವಿಕೆ.

"ಐನೂರಕ್ಕೂ ಜಾಸ್ತಿ ಮೆಟ್ಟಿಲಂತೆ. ಈ ಮಂಡಿ ಇಟ್ಕೊಂಡು ನಾನು ಹತ್ತಲ್ಲ. ಕೆಳಗಡೆ ನಿಂತು ಒಂದ್ಸಲ ತಲೆ ಎತ್ತಿ ನೋಡ್ತೀನಿ. ಅಷ್ಟು ಸಾಕು," ಎನ್ನುತ್ತಾ ಒಲೆ ಆರಿಸುತ್ತಾರೆ.

ಮೂರು ವಾರದ ನಂತರ ಪಟಾಲಮ್ಮ ಸಿಗುವುದು ರಾಜಾಜಿನಗರದ ಅದೇ ಹಳೆಯ ಕಲ್ಯಾಣ ಮಂಟಪದ ಹಿಂದೆ. ಬೆಳಕು ಹರಿಯುತ್ತಿದೆ. ನಾನೂರು ಜನದ ಊಟಕ್ಕೆ ಸಿಹಿಗುಂಬಳ ಹೆಚ್ಚುತ್ತಾ ಇದ್ದಾರೆ. ಇಲ್ಲಿ ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲು ಇದೆ. ಬೆಟ್ಟ ಹೇಗಿತ್ತು ಎಂದು ಕೇಳಿದರೆ ಚಾಕು ನಿಲ್ಲುವುದಿಲ್ಲ.

"ಹೋಗ್ಲಿಲ್ಲ."

ಇನ್ನೊಂದು ಹೋಳು ಹೆಚ್ಚಿಟ್ಟು ಅವರೇ ಹೇಳುತ್ತಾರೆ. ಮೂರನೆಯ ದಿನ ಆರು ಗಂಟೆಗೆಲ್ಲ ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿಯಾಗಿದೆ. ಅವಲಕ್ಕಿಗೆ ನೀರು ಬೆರೆಸುವುದೊಂದು ಬಾಕಿ. ಗುಡಿಗೆ ಬರಿಗೈಯಲ್ಲಿ ಹೋಗುವುದು ಬೇಡವೆಂದು ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು ತರಲು ಹಿಂದಿನ ಗಲ್ಲಿಗೆ ಹೋಗುತ್ತಾರೆ. ತರಕಾರಿ ಅಂಗಡಿಯವನಿಗೆ, ಇವತ್ತು ಏಕಾದಶಿ, ಒಳ್ಳೇ ಕಾಯಿ ಕೊಡಪ್ಪ ಎನ್ನುತ್ತಾರೆ. ಅವನು ಗೋಡೆಯ ಮೇಲಿನ ಅಲ್ಲಿನದೇ ತಮಿಳು ಕ್ಯಾಲೆಂಡರು ತೋರಿಸುತ್ತಾನೆ. ಇವತ್ತು ದಶಮಿ ಅಕ್ಕಾ, ಏಕಾದಶಿ ನಾಳೆ.

ಬೆಂಗಳೂರಿನ ಕ್ಯಾಲೆಂಡರು ನೋಡಿ ಲೆಕ್ಕ ಹಾಕಿದ್ದೇ ತಪ್ಪಾಗಿತ್ತು. ಸೂರ್ಯ ಹುಟ್ಟುವಾಗ ಯಾವ ತಿಥಿ ಇರುತ್ತದೋ ಆ ದಿನ ಆ ತಿಥಿ. ಪೆನಾಂಗಿನಲ್ಲಿ ಸೂರ್ಯ ನಮಗಿಂತ ಮೊದಲೇ ಹುಟ್ಟುತ್ತಾನೆ. ಅವನು ಹುಟ್ಟುವ ಹೊತ್ತಿಗೆ ದಶಮಿ ಇನ್ನೂ ಮುಗಿದಿರಲಿಲ್ಲ.

"ಕಾಯಿ ಹಿಡ್ಕೊಂಡು ಗಲ್ಲೀಲೇ ನಿಂತ್ಬಿಟ್ಟೆ. ನಾನು ಬಾಯಿ ಬಿಡದೇ ಇದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಬಸ್ಸಲ್ಲಿ ಸೀಟು ಇತ್ತು. ಹೇಳಿದ್ರೆ ಏನಾಗತ್ತೆ ಅಂತಾನೂ ಗೊತ್ತಿತ್ತು."

ಹೇಳುವುದು ಬೇಡ ಎನಿಸಲಿಲ್ಲವೇ?

"ಎನಿಸ್ದೇ ಏನು. ಎರಡು ಸಲ ಆ ಗಲ್ಲಿ ಸುತ್ತಿದೆ."

ಕೊನೆಗೆ ಮಂಡಳಿಯ ಮುಖ್ಯಸ್ಥೆ ವಿಮಲಮ್ಮನವರ ರೂಮಿನ ಬಾಗಿಲು ಬಡಿಯುತ್ತಾರೆ. ಎಪ್ಪತ್ತು ದಾಟಿದ ವಿಮಲಮ್ಮ ಇಪ್ಪತ್ತಾರು ವರ್ಷದಿಂದ ಒಂದು ಏಕಾದಶಿಯನ್ನೂ ತಪ್ಪಿಸಿದವರಲ್ಲ. ನಂಬಲಾಗದೆ ಬೆಂಗಳೂರಿನ ಪುರೋಹಿತರಿಗೆ ಫೋನು ಮಾಡುತ್ತಾರೆ. ಬೆಂಗಳೂರಿನಲ್ಲಿ ಆಗಿನ್ನೂ ಬೆಳಗಿನ ಜಾವ ನಾಲ್ಕು ಗಂಟೆ. "ಎಲ್ಲಿದೀರೋ ಅಲ್ಲಿನ ಸೂರ್ಯೋದಯ ಕಣಮ್ಮಾ, ಮಲಗಕ್ಕೆ ಬಿಡಿ," ಎಂದು ಅವರು ಫೋನು ಇಡುತ್ತಾರೆ.

ನಾಳೆ ಉಪವಾಸ, ನಾಳೆಯೇ ವಾಪಸ್ ವಿಮಾನ. ಹಾಗಾದರೆ ಅವಲಕ್ಕಿಯನ್ನು ನಾಳೆಗೆ ಇಡಬೇಕು. ಹದಿನಾರು ಜನರಲ್ಲಿ ಒಂಬತ್ತು ಜನಕ್ಕೆ ಸಕ್ಕರೆ ಕಾಯಿಲೆ, ಎರಡು ದಿನ ಅರೆಹೊಟ್ಟೆಯಲ್ಲಿ ಇರಲಾಗದು, ಇವತ್ತು ಅನ್ನ ಬೇಕೇ ಬೇಕು. ಇದೆಲ್ಲ ಚರ್ಚೆಯಾಗುವಷ್ಟರಲ್ಲಿ ಏಳು ಹೊಡೆಯುತ್ತದೆ. ಅಡುಗೆಮನೆ ಹೋಟೆಲಿನವರಿಗೆ ಹೋಗುತ್ತದೆ. ಇನ್ನು ಸಿಗುವುದು ಹತ್ತಕ್ಕೆ, ಬಸ್ಸು ಹೊರಡುವುದು ಎಂಟಕ್ಕೆ.

"ಪಟಾಲಮ್ಮ, ನೀವು ಬರದೇ ಇದ್ರೆ ಹೆಂಗೆ ಅಂದೆ," ಎಂದು ವಿಮಲಮ್ಮ ಬಸವೇಶ್ವರನಗರದ ತಮ್ಮ ಮನೆಯಲ್ಲಿ ನೆನೆಯುತ್ತಾರೆ. "'ನಾನು ಬಂದ್ರೆ ನೀವು ಹೆಂಗೆ' ಅಂದ್ರು. ಹಸಿವು ಕೆಟ್ಟದ್ದು ಕಣಮ್ಮ, ನಾಚಿಕೆ ಬಿಟ್ಟು ಬಸ್ ಹತ್ತಿದ್ವಿ." ಮುತ್ತುರಾಜ ಈಗಲೂ ತಲೆ ಆಡಿಸುತ್ತಾರೆ. "ಸುಮ್ನೆ ಇದ್ದಿದ್ರೆ ಆಗ್ತಿತ್ತು. ಆಯಮ್ಮಂಗೆ ಅದೊಂದು ಬರಲ್ಲ."

ಎಂಟಕ್ಕೆ ಬಸ್ಸು ಹೊರಡುತ್ತದೆ. ಪಟಾಲಮ್ಮ ಕಾಯಿ, ಬಾಳೆಹಣ್ಣನ್ನು ವಿಮಲಮ್ಮನ ಕೈಗಿಟ್ಟು ಹಿಂಬಾಗಿಲಿಗೆ ಬರುತ್ತಾರೆ. ಮಾಡಲು ಏನೂ ಕೆಲಸವಿಲ್ಲದ ಎರಡು ಗಂಟೆ. ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಾರೆ. ಕಸ ಗುಡಿಸುವ ಚೀನೀ ಮುದುಕಿ ನೋಡಿ, ಪೊರಕೆ ಬದಿಗಿಟ್ಟು, ತನ್ನ ಫ್ಲಾಸ್ಕಿನಿಂದ ಸಕ್ಕರೆ ಇಲ್ಲದ ಟೀ ಬಗ್ಗಿಸಿ ಕೊಟ್ಟು ಪಕ್ಕದಲ್ಲೇ ಕೂರುತ್ತಾಳೆ. "ಕಹಿ ಅಂದ್ರೆ ಕಹಿ. ಅವಳ ಭಾಷೆ ನಂಗೆ ಬರಲ್ಲ, ನನ್ನದು ಅವಳಿಗೆ ಬರಲ್ಲ. ಅವಳೂ ತನ್ನ ಮಂಡಿ ಮುಟ್ಟಿ ತೋರ್ಸಿದ್ಲು. ನನ್ನಷ್ಟೇ ಹಾಳಾಗಿದೆ ಅಂತ."

ಹನ್ನೆರಡೂವರೆಗೆ ಬಸ್ಸು ವಾಪಸ್ ಬಂದಾಗ ಹದಿನಾರು ಎಲೆಗೆ ಬಿಸಿ ಅನ್ನ, ಹುರುಳಿಕಾಯಿ ಪಲ್ಯ, ಹುಳಿ ಸಿದ್ಧವಿರುತ್ತದೆ. ಗುಡಿಯಲ್ಲಿ ಒಡೆದ ಕಾಯಿಯ ಎರಡು ಹೋಳು ಇವರ ಕೈಗೆ ಬರುತ್ತವೆ. ರಾತ್ರಿಯ ಚಟ್ನಿಗೆ ತುರಿದು ಹಾಕುತ್ತಾರೆ. ಪ್ರಸಾದ ತಾವೊಬ್ಬರೇ ತಿನ್ನುವುದು ಬೇಡ, ಎಲ್ಲರಿಗೂ ಸಿಗಲಿ ಎಂದು.

"ಬೇಜಾರಾಯ್ತು, ಆಗ್ಲಿಲ್ಲ ಅಂತ ಯಾಕೆ ಹೇಳ್ಲಿ. ಆದ್ರೆ ನಾನು ಬಡಿಸಿದ್ದು ಏನು, ಯಾವಾಗ ಮಾಡಿದ್ದು, ಯಾವುದ್ರಲ್ಲಿ ಮಾಡಿದ್ದು ಅಂತ ಯಾರೂ ಕೇಳದೆ ತಿಂತಾರೆ. ಒಂಬತ್ತು ವರ್ಷದಲ್ಲಿ ನಾನು ಸಂಪಾದಿಸಿರೋದು ಅದೊಂದೇ. ಅದನ್ನ ಒಂದು ಬೆಟ್ಟಕ್ಕೆ ಕೊಟ್ಬಿಡಕ್ಕಾಗತ್ತಾ?"

ಕುಂಬಳದ ಬುಟ್ಟಿ ತುಂಬಿದೆ. ಒಳಗಿನಿಂದ ಯಾರೋ ಎಣ್ಣೆ ಕಾಯ್ತು ಎಂದು ಕೂಗುತ್ತಾರೆ. ಪಾಸ್‌ಪೋರ್ಟ್ ಮತ್ತೆ ಮಾಡಿಸುತ್ತೀರಾ ಎಂದು ಕೇಳಿದ್ದಕ್ಕೆ ಪಟಾಲಮ್ಮ ಸ್ಟೂಲಿನ ಅಂಚು ಹಿಡಿದು, ಎರಡನೆಯ ಪ್ರಯತ್ನಕ್ಕೆ ಎದ್ದು ನಿಲ್ಲುತ್ತಾರೆ.

"ಮಾಡಿಸಿದ್ರೆ ಪ್ಯಾಸೆಂಜರ್ ಆಗಿ ಹೋಗ್ಬೇಕು ಕಣಮ್ಮಾ. ಬೇರೆ ಯಾರೋ ನಾಲ್ಕು ಗಂಟೆಗೆ ಎದ್ದು ಮಾಡಿರೋ ಉಪ್ಪಿಟ್ಟು ತಿಂದು, 'ಯಾಕೋ ಉಪ್ಪು ಕಮ್ಮಿ' ಅಂತ ಒಂದು ಮಾತು ಅಂದು, ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೋಬೇಕು."